ಹತ್ತು ವರ್ಷ ಬರುವ ಕಂಪ್ಯೂಟರ್

ಮನೆಗೊಂದು ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರಿಗೆ ಸಲಹೆಗಾರರ ಬರ ಎಂದೂ ಬಾರದು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಾತ, ಐಟಿ ಕಂಪನಿಯಲ್ಲಿರುವ ಭಾವಮೈದುನ, ಬಣ್ಣದ ದೀಪಗಳ ನಡುವೆ ಕೂತು ಯೂಟ್ಯೂಬಿನಲ್ಲಿ ಮಾತಾಡುವ ತರುಣ ಎಲ್ಲರೂ ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ‘ಹಾಕಿಸೋದು ಹಾಕಿಸ್ತೀರಿ, ಒಳ್ಳೇದನ್ನೇ ಹಾಕಿಸಿಬಿಡಿ. ಹತ್ತು ವರ್ಷ ಆ ಕಡೆ ತಿರುಗಿ ನೋಡೋ ಹಾಗಿಲ್ಲ.’ ಒಳ್ಳೆಯದು ಎಂದರೆ ಐ7 ಅಥವಾ ಐ9, ಇಲ್ಲವೇ ರೈಝನ್ 9. ಅದರ ಘನತೆಗೆ ತಕ್ಕ ಮೇಲ್ದರ್ಜೆಯ ಮದರ್‌ಬೋರ್ಡ್. ಈ ಇಡೀ ಧೋರಣೆಗೆ ಫ್ಯೂಚರ್ ಪ್ರೂಫಿಂಗ್ ಎಂಬ ಗೌರವದ ಹೆಸರು ಬೇರೆ.

ಕೇಳಲು ಇದು ವಿವೇಕದಂತಿದೆ. ಒಮ್ಮೆ ಕೈಬಿಚ್ಚಿ ಖರ್ಚು ಮಾಡಿ ಬಹುಕಾಲ ನೆಮ್ಮದಿಯಾಗಿರುವುದು ನಮ್ಮ ಮಧ್ಯಮವರ್ಗ ಅನುಭವದಿಂದ ಕಲಿತ ಲೆಕ್ಕ. ಆದರೆ ಆ ಲೆಕ್ಕ ಹೊಂದುವುದು ಸವೆದು ಹಾಳಾಗುವ ವಸ್ತುಗಳಿಗೆ. ಪ್ರೊಸೆಸರ್ ಸಾಮಾನ್ಯವಾಗಿ ಸವೆಯುವುದಿಲ್ಲ. ಸುತ್ತಲಿನ ಲೋಕ ಬದಲಾದಾಗ ಅದು ಕೂತಲ್ಲೇ ಹಳತಾಗುತ್ತದೆ. ಪ್ರೊಸೆಸರ್ ಕೂರುವ ಸಾಕೆಟ್ ಬದಲಾಗುತ್ತದೆ, ಮೆಮೊರಿಯ ಬಗೆ ಬದಲಾಗುತ್ತದೆ, ಆಪರೇಟಿಂಗ್ ಸಿಸ್ಟಂ ಬಾಗಿಲು ಹಾಕಿಕೊಳ್ಳುತ್ತದೆ. ಹೆಚ್ಚು ದುಡ್ಡು ಕೊಟ್ಟವರಿಗೆ ಈ ಮೂರರಲ್ಲಿ ಯಾವುದರಿಂದಲೂ ವಿನಾಯಿತಿ ಸಿಕ್ಕ ಉದಾಹರಣೆಯಿಲ್ಲ. ಮನೆ ಕಂಪ್ಯೂಟರಿನ ಮಟ್ಟಿಗೆ ಭವಿಷ್ಯವನ್ನು ಮುಂಗಡ ಕೊಟ್ಟು ಕೊಳ್ಳಲು ಆಗುವುದಿಲ್ಲ, ಇಂದು ಖರ್ಚಾಗದೆ ಉಳಿದ ಹಣವೇ ಭವಿಷ್ಯಕ್ಕೆ ಮಾಡಬಹುದಾದ ಏಕೈಕ ಸಿದ್ಧತೆ ಎಂಬುದು ನನ್ನ ವಾದ.

2017ರ ಜನವರಿಯನ್ನು ತೆಗೆದುಕೊಳ್ಳಿ. ಇಂಟೆಲ್ ಆಗ ಕೋರ್ ಐ7-7700ಕೆ ಬಿಡುಗಡೆ ಮಾಡಿತು. ನಾಲ್ಕು ಕೋರ್, ಎಂಟು ಥ್ರೆಡ್, 4.5 ಗಿಗಾಹರ್ಟ್ಸ್‌ವರೆಗಿನ ವೇಗ, ಘೋಷಿತ ಬೆಲೆ 339 ಡಾಲರ್. ಝಡ್270 ಚಿಪ್‌ಸೆಟ್‌ನ ಬೋರ್ಡಿನ ಮೇಲೆ ಅದನ್ನು ಕೂರಿಸಿಕೊಂಡವರು ಹತ್ತು ವರ್ಷದ ಚಿಂತೆ ಕಳೆಯಿತು ಎಂದುಕೊಂಡಿದ್ದರೆ ತಪ್ಪೇನಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಂಟನೇ ತಲೆಮಾರಿನ ಚಿಪ್‌ಗಳು ಬಂದವು. ಸಾಕೆಟ್ಟಿನ ಹೆಸರು ಹಳೆಯದೇ, ಎಲ್‌ಜಿಎ 1151. ಆದರೆ ಹೊಸ ಚಿಪ್ ಹಳೆಯ ಬೋರ್ಡಿನಲ್ಲಿ ನಡೆಯದು, 300 ಸರಣಿಯ ಚಿಪ್‌ಸೆಟ್ಟೇ ಬೇಕು ಎಂದಿತು ಇಂಟೆಲ್. ದುಬಾರಿ ಝಡ್270 ಬೋರ್ಡಿನ ಮುಂದಿನ ದಾರಿ ಒಂಬತ್ತು ತಿಂಗಳಲ್ಲಿ ಮುಚ್ಚಿಹೋಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಅಕ್ಟೋಬರ್‌ನಲ್ಲಿ 117 ಡಾಲರ್‌ನ ಐ3-8100 ಕೂಡ ಬಂದಿತ್ತು. ಅದಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್ ಮಾತ್ರ ಇಲ್ಲ. 2021ರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗಿನ ಚಿಪ್‌ಗಳನ್ನು ಒಳಗೆ ಬಿಟ್ಟು, ಏಳನೆಯದನ್ನು ಬೆರಳೆಣಿಕೆಯ ವಿನಾಯಿತಿ ಬಿಟ್ಟು ಹೊರಗಿಟ್ಟಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲವೂ ನಿಂತಿತು. ಐ3 ಕೊಂಡವರು ಒಳಗೆ, ಅದರ ಮೂರು ಪಟ್ಟು ಕೊಟ್ಟು ಐ7 ಕೊಂಡವರು ಹೊರಗೆ. ಭದ್ರತಾ ಅಪ್‌ಡೇಟನ್ನು ಇನ್ನೊಂದು ವರ್ಷ ಎಳೆಯಬಹುದು, ಲಿನಕ್ಸ್ ಹಾಕಿಕೊಳ್ಳಬಹುದು; ಆ ಐ7 ಇಂದಿಗೂ ಚೆನ್ನಾಗಿಯೇ ಓಡುತ್ತದೆ. ಅದು ಕೆಟ್ಟ ಚಿಪ್ ಅಲ್ಲವೇ ಅಲ್ಲ. ಆದರೆ ಅದರ ಆಯುಷ್ಯ ನಿರ್ಧಾರವಾದದ್ದು ಅದರ ವೇಗದಿಂದಲೂ ಅಲ್ಲ, ಬೆಲೆಯಿಂದಲೂ ಅಲ್ಲ. ರೆಡ್ಮಂಡಿನ ಮೈಕ್ರೋಸಾಫ್ಟ್ ಕಚೇರಿಯಲ್ಲಿ ಕೂತವರು ಎಳೆದ ಒಂದು ಗೆರೆಯಿಂದ. ಆ ಗೆರೆ ಎಲ್ಲಿ ಬೀಳುತ್ತದೆಂದು 2017ರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಹೋಲಿಕೆ ನೋಡಿ. 2022ರ ಜನವರಿಯಲ್ಲಿ 97 ಡಾಲರ್‌ಗೆ ಐ3-12100ಎಫ್ ಬಂತು. ಇದಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್. ಗರಿಷ್ಠ ವೇಗ 4.3 ಗಿಗಾಹರ್ಟ್ಸ್, ಅಂದರೆ ಹಳೆಯ ಐ7ಗಿಂತ ಕಡಿಮೆ. ಆದರೂ ಕೆಲಸದಲ್ಲಿ ಐ7-7700ಕೆಯನ್ನು ಹಿಂದೆ ಹಾಕುತ್ತದೆ. ಒಂದು ಗಡಿಯಾರ ಬಡಿತದಲ್ಲಿ ಎಷ್ಟು ಆದೇಶಗಳನ್ನು ಮುಗಿಸುತ್ತದೆ ಎಂಬುದು ಆ ಐದು ವರ್ಷಗಳಲ್ಲಿ ಅಷ್ಟು ಸುಧಾರಿಸಿತ್ತು. ಹಾಗಾಗಿ ಐ3, ಐ5, ಐ7 ಎಂಬ ದರ್ಜೆಗೆ ಅರ್ಥವಿರುವುದು ಒಂದೇ ತಲೆಮಾರಿನ ಒಳಗೆ. ತಲೆಮಾರು ಹೇಳದೆ ಬರೀ ‘ಐ7 ಇದೆ’ ಎಂದು ಮಾರುವವರು ಏನನ್ನೂ ಹೇಳಿರುವುದಿಲ್ಲ.

ಇದಕ್ಕೆ ಎದುರಾಗಿ ಎಎಂಡಿಯ ಉದಾಹರಣೆ ಕೊಡುವವರಿದ್ದಾರೆ, ಮತ್ತು ಅದು ಗಟ್ಟಿಯಾದ ಉದಾಹರಣೆ. 2017ರ ಮಾರ್ಚ್‌ನಲ್ಲಿ ಮೊದಲ ರೈಝನ್ ಜೊತೆ ಮನೆಮನೆಗೆ ಬಂದ ಎಎಂ4 ಸಾಕೆಟ್, 2022ರಲ್ಲಿ ಬಂದ ರೈಝನ್ 7 5800ಎಕ್ಸ್3ಡಿಯವರೆಗೂ, ಅದರಾಚೆಗೂ ಬದುಕಿತು. ‘ನೋಡಿ, ಒಳ್ಳೆಯ ವೇದಿಕೆ ಆರಿಸಿದ್ದರೆ ಭವಿಷ್ಯ ಕೈಯಲ್ಲೇ ಇತ್ತಲ್ಲ?’ ಎಂಬುದು ಅವರ ಪ್ರಶ್ನೆ. ಲೆಕ್ಕ ಹಾಕೋಣ. 2017ರಲ್ಲಿ ಮೇಲ್ದರ್ಜೆಯ ರೈಝನ್ 7 1800ಎಕ್ಸ್‌ನ ಬೆಲೆ 499 ಡಾಲರ್. ನಡು ದರ್ಜೆಯ ರೈಝನ್ 5 1600ರದು 219. ಐದು ವರ್ಷದ ನಂತರ ಬಂದ ರೈಝನ್ 5 5600ರ ಬೆಲೆ 199. ಮೊದಲು 1600 ಕೊಂಡು ಆಮೇಲೆ 5600 ಹಾಕಿಸಿಕೊಂಡವರ ಒಟ್ಟು ಖರ್ಚು 418 ಡಾಲರ್. ಅವರ ಬಳಿ 1800ಎಕ್ಸ್‌ಗಿಂತ ವೇಗದ ಕಂಪ್ಯೂಟರ್ ಇದೆ, ವಿಂಡೋಸ್ 11ರ ಪಟ್ಟಿಯಲ್ಲಿ ಜಾಗವಿದೆ, 81 ಡಾಲರ್ ಜೇಬಿನಲ್ಲಿದೆ. 1800ಎಕ್ಸ್ ಆ ಪಟ್ಟಿಯಲ್ಲೇ ಇಲ್ಲ. ಎಎಂ4ರ ದೀರ್ಘಾಯುಷ್ಯದ ಪೂರ್ತಿ ಲಾಭ ಸಿಕ್ಕಿದ್ದು ಮೊದಲೇ ದೊಡ್ಡ ಚಿಪ್ ಕೊಂಡವರಿಗಲ್ಲ, ಕಡಿಮೆಯಲ್ಲಿ ಮುಗಿಸಿ ಕಾದವರಿಗೆ.

ಆ ಕಾಯುವಿಕೆಯೂ ಫಲ ಕೊಡುತ್ತದೆ ಎಂಬ ಖಾತ್ರಿ ಇರಲಿಲ್ಲ. ಎಎಂಡಿ ಮೊದಲು ಹೇಳಿದ್ದು 2020ರವರೆಗೆ ಮಾತ್ರ. 2020ರ ಮೇ ತಿಂಗಳಲ್ಲಿ, ಮುಂಬರುವ ಝೆನ್ 3 ಚಿಪ್‌ಗಳು (ಮೇಲೆ ಹೇಳಿದ 5600 ಈ ಗುಂಪಿನದು) ಬಿ450, ಎಕ್ಸ್470 ಬೋರ್ಡ್‌ಗಳಲ್ಲಿ ನಡೆಯುವುದಿಲ್ಲ ಎಂದು ಪ್ರಕಟಿಸಿತು. ಬಳಕೆದಾರರು ರೇಗಿದರು, ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಅದಕ್ಕೂ ಹಳೆಯ 300 ಸರಣಿಯ ಬೋರ್ಡ್‌ಗಳಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 2022ರಲ್ಲಿ, ಅದೂ ಬೋರ್ಡ್ ಮಾಡಿದ ಕಂಪನಿ ಹೊಸ ಬಯೋಸ್ ಕೊಟ್ಟಲ್ಲಿ. ಚಿಪ್ ಮಾಡುವವರಿಗೇ ತಮ್ಮ ಸಾಕೆಟ್ಟಿನ ಆಯುಷ್ಯ ಗೊತ್ತಿಲ್ಲದಾಗ ಅಂಗಡಿಯಲ್ಲಿ ನಿಂತ ಗಿರಾಕಿ ಅದರ ಮೇಲೆ ದುಡ್ಡು ಕಟ್ಟುವುದು ಜೂಜು. ಈಗಿನ ಎಎಂ5 ಸಾಕೆಟ್ಟನ್ನು 2027 ಮತ್ತು ಅದರಾಚೆಗೂ ನಡೆಸುವುದಾಗಿ ಎಎಂಡಿ ಹೇಳಿದೆ. ಎರಡು ಚಿಪ್ ಸಮಸಮವಾಗಿ ತೂಗುವಾಗ ಆ ಮಾತಿಗೆ ಒಂದಿಷ್ಟು ತೂಕ ಕೊಡಬಹುದು. ಅದಕ್ಕಾಗಿ ಹೆಚ್ಚು ಬೆಲೆ ತೆರಬಾರದು.

ಇನ್ನು ಕೋರ್‌ಗಳ ಲೆಕ್ಕ. ಆರು ಕೋರ್ ಇರುವುದಕ್ಕಿಂತ ಹದಿನಾರು ಇರುವುದು ಮೇಲು ಎಂಬುದರಲ್ಲಿ ತಕರಾರಿಲ್ಲ. ಎಷ್ಟು ಮೇಲು ಎಂಬುದರಲ್ಲಿದೆ. ಇದಕ್ಕೆ 1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರ ಒಂದು ಸರಳ ಸೂತ್ರದ ದಾರಿ ತೋರಿಸಿದ. ಯಾವುದೇ ಕೆಲಸದಲ್ಲಿ ಹಂಚಿಕೊಂಡು ಮಾಡಬಹುದಾದ ಭಾಗ ಒಂದಿರುತ್ತದೆ, ಒಂದರ ಹಿಂದೊಂದು ಮಾಡಲೇಬೇಕಾದ ಭಾಗ ಇನ್ನೊಂದು. ಅರ್ಧ ಕೆಲಸ ಹಂಚಬಹುದಾದದ್ದು ಎಂದಿಟ್ಟುಕೊಳ್ಳಿ. ಆರು ಕೋರ್ ಹಾಕಿದರೆ ಕೆಲಸ 1.71 ಪಟ್ಟು ಬೇಗ ಮುಗಿಯುತ್ತದೆ. ಹದಿನಾರು ಹಾಕಿದರೆ 1.88 ಪಟ್ಟು. ಹತ್ತು ಹೆಚ್ಚುವರಿ ಕೋರ್‌ಗಳಿಂದ ಸಿಕ್ಕ ಲಾಭ ಶೇ. 10ರಷ್ಟು. ನೂರಕ್ಕೆ ತೊಂಬತ್ತು ಪಾಲು ಹಂಚಬಹುದಾದ ಕೆಲಸವಾದರೆ ಮಾತು ಬೇರೆ: ಆರಕ್ಕೆ 4 ಪಟ್ಟು, ಹದಿನಾರಕ್ಕೆ 6.4 ಪಟ್ಟು. ವೀಡಿಯೊ ಎನ್‌ಕೋಡಿಂಗ್, ಬ್ಲೆಂಡರ್‌ನಲ್ಲಿ ಪ್ರೊಸೆಸರ್ ಮೇಲೆ ನಡೆಯುವ ರೆಂಡರಿಂಗ್, ದೊಡ್ಡ ಸಾಫ್ಟ್‌ವೇರ್ ಕಂಪೈಲ್ ಮಾಡುವುದು ಈ ಜಾತಿಯವು. ಅವುಗಳಿಂದ ಹೊಟ್ಟೆ ಹೊರೆಯುವವರು ಧಾರಾಳವಾಗಿ ರೈಝನ್ 9 ಕೊಳ್ಳಲಿ; ಅವರಿಗೆ ಉಳಿದ ಪ್ರತಿ ಗಂಟೆಯೂ ಸಂಪಾದನೆ. ಈ ಲೇಖನದ ತಕರಾರು ಅವರೊಂದಿಗಲ್ಲ.

ಆದರೆ ಮನೆಗಳಲ್ಲಿ ನಡೆಯುವುದೇನು? ಬ್ರೌಸರ್, ನುಡಿಯಲ್ಲೋ ಬರಹದಲ್ಲೋ ಟೈಪಿಂಗ್, ಟ್ಯಾಲಿ, ಮಕ್ಕಳ ಆನ್‌ಲೈನ್ ಪಾಠ, ಒಂದಿಷ್ಟು ಆಟ. ಸಿವಿಲ್ ಇಂಜಿನಿಯರಿಂಗ್ ಸೇರಿದ ಮಗಳಿಗೆ ಆಟೋಕ್ಯಾಡ್ ಬೇಕು ಎಂದಾಕ್ಷಣ ಅಂಗಡಿಯವರು ಐ9 ತೋರಿಸುತ್ತಾರೆ. ಆಟೋಕ್ಯಾಡ್ ತನ್ನ ಬಹುಪಾಲು ಕೆಲಸಕ್ಕೆ ಬಳಸುವುದು ಒಂದೇ ಕೋರನ್ನು. ರೈಝನ್ 5 7600 ಮತ್ತು ರೈಝನ್ 9 7950ಎಕ್ಸ್ ಎರಡರಲ್ಲೂ ಇರುವುದು ಅದೇ ಝೆನ್ 4 ಕೋರ್. ಗರಿಷ್ಠ ವೇಗ ಮೊದಲನೆಯದಕ್ಕೆ 5.1 ಗಿಗಾಹರ್ಟ್ಸ್, ಎರಡನೆಯದಕ್ಕೆ 5.7. ಬಿಡುಗಡೆಯ ಬೆಲೆ 229 ಮತ್ತು 699 ಡಾಲರ್. ಒಂದೇ ಕೋರ್ ದುಡಿಯುವ ಕಡೆ ಶೇ. 12ರಷ್ಟು ವೇಗಕ್ಕೆ ಮೂರು ಪಟ್ಟು ಬೆಲೆ. ಉಳಿದ ಹದಿನೈದು ಕೋರ್‌ಗಳು ಹೆಚ್ಚಿನ ಹೊತ್ತು ಕೈಕಟ್ಟಿ ಕೂತಿರುತ್ತವೆ.

ಹಾಗಾದರೆ ವಿಮರ್ಶಕರು ತೋರಿಸುವ ಗ್ರಾಫ್‌ಗಳಲ್ಲಿ ದೊಡ್ಡ ಚಿಪ್ ಅಷ್ಟು ಮುಂದಿರುವುದು ಏಕೆ? ಅವರು ಸುಳ್ಳು ಹೇಳುತ್ತಿಲ್ಲ. ಪ್ರೊಸೆಸರನ್ನು ಪರೀಕ್ಷಿಸುವವರು ಗ್ರಾಫಿಕ್ಸ್ ಕಾರ್ಡ್ ಅಡ್ಡ ಬರದಂತೆ ನೋಡಿಕೊಳ್ಳಬೇಕು. ಅದಕ್ಕಾಗಿ ಆರ್‌ಟಿಎಕ್ಸ್ 4090ರಂಥ ಅತಿ ದುಬಾರಿ ಕಾರ್ಡ್ ಹಾಕಿ, 1080ಪಿಯಂಥ ಕಡಿಮೆ ರೆಸಲ್ಯೂಷನ್ನಿನಲ್ಲಿ ಆಟ ಓಡಿಸುತ್ತಾರೆ. ಪ್ರಯೋಗಾಲಯದ ದೃಷ್ಟಿಯಿಂದ ಅದೇ ಸರಿಯಾದ ಕ್ರಮ. ತಪ್ಪಾಗುವುದು ಆ ಗ್ರಾಫನ್ನು ಖರೀದಿಯ ಪಟ್ಟಿಯಾಗಿ ಓದಿದಾಗ. ನಡು ದರ್ಜೆಯ ಕಾರ್ಡ್ ಇಟ್ಟುಕೊಂಡವರ ಮನೆಯಲ್ಲಿ ಮೊದಲು ಸುಸ್ತಾಗುವುದು ಆ ಕಾರ್ಡೇ ಆದ್ದರಿಂದ ಗ್ರಾಫಿನಲ್ಲಿ ಗಜದುದ್ದ ಕಂಡ ವ್ಯತ್ಯಾಸ ಪರದೆಯ ಮೇಲೆ ಕಾಣುವುದೇ ಇಲ್ಲ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಲಾರದು. ಪ್ರೊಸೆಸರ್ 140 ಕೊಟ್ಟರೇನು, 190 ಕೊಟ್ಟರೇನು?

ಮದರ್‌ಬೋರ್ಡಿನ ವಿಷಯಕ್ಕೆ ಬಂದರೆ ಜನಪ್ರಿಯ ನುಡಿಗಟ್ಟು ಒಂದಿದೆ: ಬೋರ್ಡ್ ಮನೆಯ ಪಾಯವಿದ್ದಂತೆ, ಅಲ್ಲಿ ಜಿಪುಣತನ ಕೂಡದು. ಈ ಹೋಲಿಕೆಯೇ ಅನರ್ಥದ ಮೂಲ. ಪಾಯ ಗಟ್ಟಿಯಿದ್ದರೆ ಅದರ ಮೇಲೆ ಅಂತಸ್ತು ಏರಿಸಬಹುದು. ಮದರ್‌ಬೋರ್ಡಿನಲ್ಲಿ ಸಾಕೆಟ್ ಬದಲಾದ ದಿನ ಪಾಯವನ್ನೇ ಅಗೆದು ಎಸೆಯಬೇಕು. ಝಡ್270ರ ಗತಿ ನೋಡಿದೆವು. ಅದರ ಮುಂದಿನ ಎಲ್‌ಜಿಎ 1200 ಸಾಕೆಟ್ 2020ರಲ್ಲಿ ಬಂದು ಎರಡು ತಲೆಮಾರು ಕಂಡಿತು. 2021ರ ಎಲ್‌ಜಿಎ 1700 ಮೂರು ತಲೆಮಾರು ಕಂಡಿತಾದರೂ ಅದರಲ್ಲಿ ಹದಿನಾಲ್ಕನೆಯದು ಹದಿಮೂರನೆಯದಕ್ಕೇ ಹೊಸ ಅಂಗಿ ತೊಡಿಸಿದ್ದು. 2024ರಲ್ಲಿ ಎಲ್‌ಜಿಎ 1851 ಬಂದಾಗ 1700 ಕೂಡ ಹಿಂದೆ ಬಿತ್ತು. ಇವುಗಳ ಮೇಲೆ ಎರಡು ಪಟ್ಟು ಹಣ ಹಾಕಿದ್ದರೂ ಒಂದು ದಿನದ ಆಯುಷ್ಯವೂ ಹೆಚ್ಚುತ್ತಿರಲಿಲ್ಲ.

ಬೋರ್ಡ್ ನಿಜವಾಗಿ ಮಾಡುವ ಮುಖ್ಯ ಕೆಲಸ ಪ್ರೊಸೆಸರ್‌ಗೆ ವಿದ್ಯುತ್ ಉಣಿಸುವುದು. ಪವರ್ ಸಪ್ಲೈಯಿಂದ 12 ವೋಲ್ಟ್ ಬರುತ್ತದೆ. ಚಿಪ್‌ಗೆ ಬೇಕಾದದ್ದು 1.2 ವೋಲ್ಟ್‌ನ ಆಸುಪಾಸು. 120 ವಾಟ್ ಎಳೆಯುವ ಚಿಪ್‌ಗೆ ಆ ವೋಲ್ಟೇಜ್‌ನಲ್ಲಿ 100 ಆಂಪಿಯರ್ ಹರಿಸಬೇಕು. ಸಾಕೆಟ್ಟಿನ ಸುತ್ತ ಸಾಲಾಗಿ ಕೂತ ವೋಲ್ಟೇಜ್ ರೆಗ್ಯುಲೇಟರ್‌ಗಳು, ಅಂದರೆ ವಿಆರ್‌ಎಂ, ಈ ಹೊಣೆ ಹೊತ್ತಿವೆ. ಆದ್ದರಿಂದ ‘ಯಾವುದಾದರೂ ಅಗ್ಗದ ಬೋರ್ಡ್ ಸಾಕು’ ಎಂಬ ಎದುರು ತುದಿಯ ಸಲಹೆಯೂ ಅಷ್ಟೇ ತಪ್ಪು. ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಕೂಡ ಇಲ್ಲದ ಬೋರ್ಡಿಗೆ ಐ9 ಹಾಕಿ, ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೋಣೆಯೇ 40 ಡಿಗ್ರಿ ಇರುವಾಗ ದುಡಿಸಿದರೆ, ರೆಗ್ಯುಲೇಟರ್‌ಗಳು ಕಾದು ಚಿಪ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ದುಡ್ಡು ಕೊಟ್ಟದ್ದು ಐ9ಗೆ, ಸಿಕ್ಕಿದ್ದು ಐ5ರ ಓಟ. ಆದರೆ 65 ವಾಟ್ ದರ್ಜೆಯ ರೈಝನ್ 5 7600ರಂಥ ಚಿಪ್ ಆರಿಸಿಕೊಂಡರೆ, ಹೀಟ್‌ಸಿಂಕ್ ಇರುವ ಸಾಮಾನ್ಯ ಬಿ650 ಬೋರ್ಡ್ ಅದನ್ನು ಲೀಲಾಜಾಲವಾಗಿ ನಡೆಸುತ್ತದೆ. ಆ ಮಿತಿ ದಾಟಿದ ಮೇಲೆ ಬೋರ್ಡಿನ ಬೆಲೆ ಏರಿದಂತೆ ಕಂಪ್ಯೂಟರಿನ ವೇಗ ಏರುವುದಿಲ್ಲ.

ಹೆಚ್ಚು ಕೊಟ್ಟಾಗ ಸಿಗುವುದು ಹೆಚ್ಚು ಪೋರ್ಟ್, ಹೆಚ್ಚು ಎಂ.2 ಜಾಗ, ಮತ್ತು ದೀಪಾಲಂಕಾರ. ಎಎಂಡಿಯ ಎಕ್ಸ್670 ಎಂಬುದು ಬಿ650ರಲ್ಲಿರುವ ಚಿಪ್ಪನ್ನೇ ಎರಡು ಸಲ ಸರಪಣಿಯಾಗಿ ಜೋಡಿಸಿದ್ದು. ಅದರಿಂದ ಹೆಚ್ಚುವುದು ಸಂಪರ್ಕಗಳ ಸಂಖ್ಯೆ. ನಾಲ್ಕು ಎಸ್‌ಎಸ್‌ಡಿ, ಕ್ಯಾಪ್ಚರ್ ಕಾರ್ಡ್ ಎಲ್ಲ ಹಾಕುವವರಿಗೆ ಅದು ಬೇಕು. ಒಂದು ಎಸ್‌ಎಸ್‌ಡಿ, ಒಂದು ಕೀಬೋರ್ಡ್, ಒಂದು ಮೌಸ್ ಇರುವ ಮನೆಗೆ ಅದರ ಗೊಡವೆ ಬೇಡ. ಭವಿಷ್ಯದ ಹೆಸರಿನಲ್ಲಿ ಮಾರಲಾದ ಪಿಸಿಐಇ 5.0 ಸ್ಲಾಟ್‌ನ ಕತೆ ಇನ್ನೂ ಸ್ವಾರಸ್ಯದ್ದು. ಮನೆ ಕಂಪ್ಯೂಟರಿನ ಬೋರ್ಡ್‌ಗಳಲ್ಲಿ ಅದು ಕಾಣಿಸಿಕೊಂಡದ್ದು 2021ರ ಕೊನೆಗೆ. ಅದನ್ನು ಬಳಸಬಲ್ಲ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು ಬಂದದ್ದು 2025ರ ಜನವರಿಯಲ್ಲಿ. ಮೂರು ವರ್ಷ ಖಾಲಿ ಭರವಸೆಯಾಗಿದ್ದ ಆ ಸ್ಲಾಟ್‌ಗೆ ಕೊನೆಗೂ ಆರ್‌ಟಿಎಕ್ಸ್ 5090 ಹಾಕಿ ನೋಡಿದಾಗ, ಹಳೆಯ 4.0 ಸ್ಲಾಟ್‌ಗೂ ಅದಕ್ಕೂ ಆಟಗಳಲ್ಲಿ ಕಂಡ ಅಂತರ ಲೆಕ್ಕಕ್ಕೆ ಸಿಗದಷ್ಟು ಸಣ್ಣದು.

ಮೇಲ್ದರ್ಜೆ ಎಂದರೆ ಹೆಚ್ಚು ವಿಶ್ವಾಸಾರ್ಹ ಎಂಬ ನಂಬಿಕೆಯನ್ನೂ ಇತ್ತೀಚಿನ ಇತಿಹಾಸ ಅಲುಗಾಡಿಸಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಕಾರಣವಿಲ್ಲದೆ ಕುಸಿಯತೊಡಗಿದಾಗ, ದೂರುಗಳು ಹೆಚ್ಚಾಗಿ ಬಂದದ್ದು ಐ9, ಐ7ಗಳಿಂದ. ಚಿಪ್ಪಿನ ಮೈಕ್ರೋಕೋಡ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಒಳಗಿನ ಸರ್ಕ್ಯೂಟ್ ಕ್ರಮೇಣ ದುರ್ಬಲವಾಗುತ್ತಿತ್ತು ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ತಿದ್ದಿದ ಮೈಕ್ರೋಕೋಡ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬೋರ್ಡ್‌ಗಳು ಇಂಟೆಲ್ ಹೇಳಿದ ಮಿತಿಯನ್ನು ಮೀರಿ ವಿದ್ಯುತ್ ಹರಿಸುತ್ತಿದ್ದುದೂ ಕಾರಣಗಳ ಪಟ್ಟಿಯಲ್ಲಿತ್ತು. ಗ್ರಾಫಿನಲ್ಲಿ ಇನ್ನೆರಡು ಗೆರೆ ಮೇಲೇರಲು ಮಾಡಿದ ಸರ್ಕಸ್ಸಿನ ಬೆಲೆಯನ್ನು ತೆತ್ತವರು ‘ಒಳ್ಳೆಯದನ್ನೇ’ ಹಾಕಿಸಿಕೊಂಡವರು. ಸಾಮಾನ್ಯ ದಿನಗಳಲ್ಲೂ ಅಷ್ಟೇ: ಐ9-13900ಕೆ ಒತ್ತಡದಲ್ಲಿ 253 ವಾಟ್‌ವರೆಗೆ ಎಳೆಯಬಲ್ಲದು. ಆ ಶಾಖವನ್ನು ಹೊರಹಾಕಲು ದೊಡ್ಡ ಕೂಲರ್, ದೊಡ್ಡ ಪವರ್ ಸಪ್ಲೈ, ಕರೆಂಟ್ ಹೋದರೆ ತಡೆದುಕೊಳ್ಳಲು ದೊಡ್ಡ ಯುಪಿಎಸ್. ದುಬಾರಿ ಚಿಪ್ಪಿನ ಬೆಲೆ ಅದರ ಡಬ್ಬದ ಮೇಲೆ ಬರೆದಷ್ಟೇ ಅಲ್ಲ.

ನನ್ನ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ ಬೇರೆಯದೇ ಇದೆ. ಎಸ್.ಪಿ. ರೋಡ್ ಪಕ್ಕದಲ್ಲಿದ್ದವರಿಗೆ ‘ಈಗ ಸಣ್ಣದು, ಆಮೇಲೆ ಬದಲಿಸು’ ಎನ್ನುವುದು ಸುಲಭ. ಬಾಗಲಕೋಟೆಯಲ್ಲೋ ಶೃಂಗೇರಿಯಲ್ಲೋ ಇರುವವರು ಹಳೆಯ ಚಿಪ್ ಯಾರಿಗೆ ಮಾರಬೇಕು, ಹೊಸದನ್ನು ಯಾರಿಂದ ಹಾಕಿಸಬೇಕು? ನಿಜ ಹೇಳಬೇಕೆಂದರೆ ಹೆಚ್ಚಿನವರು ಪ್ರೊಸೆಸರ್ ಬದಲಿಸುವುದೇ ಇಲ್ಲ. ಕೊಂಡದ್ದನ್ನು ಸಾಯುವವರೆಗೆ ಬಳಸುತ್ತಾರೆ. ಒಪ್ಪಿದೆ. ಆದರೆ ಹಾಗೆ ಬಳಸುವವರಿಗೆ ಮುಂದೆ ಚಿಪ್ ಬದಲಿಸಲು ಅನುವಾಗುವ ದುಬಾರಿ ಬೋರ್ಡ್ ಇನ್ನೂ ಅನವಶ್ಯಕ. ಚಿಪ್ಪಿನ ಮಟ್ಟಿಗೂ ಅವರ ಕಂಪ್ಯೂಟರನ್ನು ಮೂಲೆಗೆ ತಳ್ಳುವುದು ಬಹುಪಾಲು ವೇಗದ ಕೊರತೆಯಲ್ಲ. ನಿಂತುಹೋದ ಅಪ್‌ಡೇಟ್, ಕೆಟ್ಟ ಪವರ್ ಸಪ್ಲೈ, ಸಾಲದ ಮೆಮೊರಿ. ಇಂಟೆಲ್, ಎಎಂಡಿ ಎರಡೂ ಡಬ್ಬದಲ್ಲಿ ಬರುವ ಚಿಪ್‌ಗೆ ಸಾಮಾನ್ಯವಾಗಿ ಕೊಡುವ ವಾರಂಟಿ ಮೂರು ವರ್ಷ, ಐ3 ಆಗಲಿ ಐ9 ಆಗಲಿ. ಹತ್ತು ವರ್ಷದ ಮಾತಾಡುವುದು ಸಲಹೆಗಾರರೇ ಹೊರತು ತಯಾರಕರಲ್ಲ.

ದುಡ್ಡು ಉಳಿಸಿಟ್ಟರೆ ಬೆಲೆಯೇ ಏರಿಬಿಟ್ಟರೆ ಎಂದು ಕೇಳುವವರೂ ಇದ್ದಾರೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಸರ್ವರ್‌ಗಳ ಹಸಿವಿನಿಂದಾಗಿ ಮೆಮೊರಿಯ ಬೆಲೆ ಹಾಗೆ ಏರಿದ್ದು ನಿಜ. ಆಗ ಪೆಟ್ಟು ತಿಂದವರಲ್ಲಿ ದೊಡ್ಡ ಪ್ರೊಸೆಸರ್ ಕೊಂಡು, ‘ರ‍್ಯಾಮ್ ಆಮೇಲೆ ಹಾಕಿಸೋಣ’ ಎಂದು 8 ಜಿಬಿಯ ಒಂದೇ ಕಡ್ಡಿಯಲ್ಲಿ ನಿಂತವರಿದ್ದಾರೆ. ಇಂದಿನ ಅಗತ್ಯವನ್ನು ಇಂದೇ ಪೂರ್ತಿ ಮುಗಿಸಬೇಕು. ಊಹೆಯ ಅಗತ್ಯಕ್ಕೆ ಮಾತ್ರ ಬೀಗ ಹಾಕಬೇಕು. ಜನ ಮಾಡುವುದು ಇದರ ತಿರುವುಮುರುವು.

ಆದ್ದರಿಂದ ಆಯ್ಕೆಯ ಕ್ರಮವನ್ನೇ ಬದಲಿಸಬೇಕು. ಮೊದಲು ಕೆಲಸ ಯಾವುದೆಂದು ಬರೆದುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಬೇಡವಾದರೆ ಹೆಸರಿನ ಕೊನೆಗೆ ‘ಎಫ್’ ಇರುವ ಚಿಪ್ ಮುಟ್ಟಬೇಡಿ, ಅದರಲ್ಲಿ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ. ಈಗಿನ ಅಥವಾ ಹಿಂದಿನ ತಲೆಮಾರಿನ ಆರು ಕೋರ್‌ಗಳ ನಡು ದರ್ಜೆ ಹೆಚ್ಚಿನ ಮನೆಗಳಿಗೆ ಸಾಕು. ಬೋರ್ಡಿನಲ್ಲಿ ನೋಡಬೇಕಾದದ್ದು ವಿಆರ್‌ಎಂ ಮೇಲೆ ಹೀಟ್‌ಸಿಂಕ್, ನಿಮಗೆ ಬೇಕಾದಷ್ಟು ಪೋರ್ಟ್, ಚಿಪ್ ಇಲ್ಲದೆಯೇ ಬಯೋಸ್ ಅಪ್‌ಡೇಟ್ ಮಾಡುವ ಸೌಲಭ್ಯ, ಊರಿಗೆ ಹತ್ತಿರದಲ್ಲಿ ಸರ್ವಿಸ್ ಸೆಂಟರ್. ರ‍್ಯಾಮ್ ಒಂದೇ ಕಡ್ಡಿಯ ಬದಲು ಸಮನಾದ ಎರಡು ಕಡ್ಡಿಯಾಗಿರಲಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವವರಿಗಂತೂ ಐ5ರಿಂದ ಐ7ಗೆ ಹೋಗುವುದಕ್ಕಿಂತ ಇದರ ಪರಿಣಾಮ ಎದ್ದು ಕಾಣುತ್ತದೆ. ಹೆಸರುವಾಸಿ ಪವರ್ ಸಪ್ಲೈ, ಎಸ್‌ಎಸ್‌ಡಿ, ಶೇ. 18 ಜಿಎಸ್‌ಟಿ ನಮೂದಿಸಿದ ಪಕ್ಕಾ ಬಿಲ್ಲು. ಬಿಲ್ಲಿಲ್ಲದ, ಡಬ್ಬವಿಲ್ಲದ ಚಿಪ್ಪಿನಲ್ಲಿ ಉಳಿಯುವ ನಾಲ್ಕು ಕಾಸು ವಾರಂಟಿಯ ದಿನ ಕೈಕೊಡುತ್ತದೆ.

ಇಷ್ಟಾಗಿ ಮಿಕ್ಕ ಹಣವನ್ನು ‘ಇನ್ನೊಂಚೂರು ಹಾಕಿದರೆ ಐ7 ಬರುತ್ತೆ’ ಎಂಬ ಮಾತಿಗೆ ಬಲಿಕೊಡದೆ ಬ್ಯಾಂಕಿನಲ್ಲಿಡಿ. ಮೂರು ನಾಲ್ಕು ವರ್ಷದ ಮೇಲೆ ಯಾವ ಸಾಕೆಟ್ ಬದುಕಿದೆ, ಯಾವುದು ಸತ್ತಿದೆ, ಮೈಕ್ರೋಸಾಫ್ಟ್ ಗೆರೆ ಎಲ್ಲಿ ಎಳೆದಿದೆ, ಮನೆಯವರ ಕೆಲಸ ಎತ್ತ ತಿರುಗಿದೆ ಎಂಬುದೆಲ್ಲ ಗೊತ್ತಿರುತ್ತದೆ. ಇಂದು ಊಹೆಯ ಮೇಲೆ ಹೋಗುವ ದುಡ್ಡು ಅಂದು ಕಣ್ಣಾರೆ ಕಂಡದ್ದರ ಮೇಲೆ ಹೋಗುತ್ತದೆ. ಆ ದಿನ ಏನೂ ಬೇಕಿಲ್ಲ ಎಂದು ಕಂಡುಬಂದರೆ ಆ ದುಡ್ಡು ಹೋಗುವುದೇ ಇಲ್ಲ. ಯಾವ ಐ9 ಕೂಡ ಈ ಅನುಕೂಲವನ್ನು ಕೊಡಲಾರದು.